ಮೂರು ಬ್ಯಾಂಡಿನ ರೇಡಿಯೋ ಕೇಳಿದ ಅಳಿಯ

ವರನ ಕಡೆಯವರು ದೊಡ್ಡ ರೇಡಿಯೋ ಕೇಳಿದ್ದರೆ ನನಗೆ ಯಾವ ಅನುಮಾನವೂ ಬರುತ್ತಿರಲಿಲ್ಲ. ಆಗ ಎಲ್ಲರೂ ಕೇಳುತ್ತಿದ್ದುದು ಅದನ್ನೇ. ಟ್ರಂಕಿನಷ್ಟು ದಪ್ಪನೆಯದು, ಗೂಡಿನಲ್ಲಿಟ್ಟು ಮೇಲೆ ಹೆಣಿಕೆಯ ಬಟ್ಟೆ ಹೊದಿಸಿ, ಬಂದವರ ಕಣ್ಣಿಗೆ ಬೀಳಲಿ ಎಂದು ಇಡುವಂಥದ್ದು. ಇವರು ಕೇಳಿದ್ದು ಸಣ್ಣದು. ನಾಲ್ಕು ಮಂದಿಗೆ ತೋರಿಸಲಾಗದ ಸಾಮಾನನ್ನು ಒಬ್ಬ ಮದುಮಗ ಯಾಕೆ ಕೇಳುತ್ತಾನೆ?

ಮೈಸೂರು ರಾಜ್ಯ ಹೋಗಿ ಕರ್ನಾಟಕ ಅಂತ ಹೆಸರಾಗಿ ಒಂದೆರಡು ವರ್ಷವಾಗಿರಬೇಕು. ನಾವು ಸೇಡಮಿನಲ್ಲಿದ್ದೆವು. ಯಜಮಾನರು ಅಡತಿ ಅಂಗಡಿಯಲ್ಲಿ ತೊಗರಿ ತೂಗುತ್ತಿದ್ದರು, ನಾನು ಎಮ್ಮೆ ಕಟ್ಟಿಕೊಂಡು ಹಾಲು ಮಾರುತ್ತಿದ್ದೆ. ಹಿರಿ ಮಗಳಿಗೆ ಚಿತ್ತಾಪುರದಿಂದ ಸಂಬಂಧ ಬಂತು. ಹುಡುಗನಿಗೆ ತಂದೆಯಿಲ್ಲ, ಕಾಕಾನೇ ಹಿರಿಯ. ಆ ಕಾಕಾ ನಮ್ಮ ಪಡಸಾಲೆಯಲ್ಲಿ ಕೂತು, ಚಹಾ ಬಸಿಗೆ ಸುರುವಿಕೊಂಡು ಹೇಳಿದ:

"ನಮಗೇನೂ ಬ್ಯಾಡ್ರಿ ಅಕ್ಕೋರೆ. ಬಂಗಾರ ಬ್ಯಾಡ, ಸೈಕಲ್ ಬ್ಯಾಡ. ಹುಡುಗ ಒಂದು ರೇಡಿಯೋ ಕೇಳ್ಯಾನ. ಸಣ್ಣದು, ಕೈಯಾಗ ಹಿಡಕೊಂಡು ತಿರುಗಾಡೋದು. ಸೆಲ್ಲಿನ ಮ್ಯಾಲ ನಡೀಬೇಕು. ಮೂರು ಬ್ಯಾಂಡಿಂದೇ ಆಗಬೇಕು ಅಂತ ಭಾಳ ಹೇಳ್ಯಾನ."

"ಹುಡುಗನ ನೌಕರಿ ವಾಡಿಯಾಗ ಅಂದ್ರಿ. ಮತ್ತ ತಿರುಗಾಡೋದು ಎಲ್ಲಿಗ್ರಿ?" ಅಂದೆ.

ಕಾಕಾ ಬಸಿಯ ಚಹಾ ಊದಿದ. ಅದು ಆಗಲೇ ಆರಿತ್ತು. "ಹುಡುಗರ ಶೋಕ್ರಿ. ನಮ್ಮಂಥೋರಿಗಿ ಏನ್ ತಿಳೀತದ?"

ಹುಡುಗ ಕಾಕಾನ ಪಕ್ಕದಲ್ಲೇ ಇದ್ದ. ತಲೆ ತಗ್ಗಿಸಿಕೊಂಡು ಚಾಪೆಯ ಅಂಚು ಕೀಳುತ್ತಿದ್ದ. ಭೂಮಿಗೆ ತೂತು ಹಾಕಿ ಕಲ್ಲು ಪರೀಕ್ಷೆ ಮಾಡುವ ಮಷೀನಿನ ಮೇಲೆ ಕೆಲಸ, ವಾಡಿಯಲ್ಲಿ ಇರಲು ಖೋಲಿ ಇದೆ ಎಂದು ಕಾಕಾನೇ ಹೇಳಿದ. ಹುಡುಗ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಅವರು ಹೋದ ಮೇಲೆ ಯಜಮಾನರು, "ಒಂದ್ ರೇಡಿಯೋ ತಾನೇ, ಕೊಡೋಣಂತ ಬಿಡು" ಅಂದರು.

"ರೇಡಿಯೋ ಕೊಡೋದು ದೊಡ್ಡದಲ್ರಿ. ಅದರ ಹಿಂದ ಮಗಳನ್ನೂ ಕೊಡಬೇಕಲ್ಲ" ಅಂದೆ.

ರೇಡಿಯೋ ಕೊಳ್ಳಲು ಇಬ್ಬರೂ ಪ್ಯಾಸೆಂಜರ್ ಗಾಡಿ ಹತ್ತಿ, ವಾಡಿಯಲ್ಲಿ ಇಳಿದು ಬೇರೆ ಗಾಡಿ ಹಿಡಿದು ಶಹಾಬಾದಿಗೆ ಹೋದೆವು. ಸ್ಟೇಷನ್ ರಸ್ತೆಯಲ್ಲಿ ಒಂದು ರೇಡಿಯೋ ಅಂಗಡಿ. ಅಂಗಡಿಯವ ಮೆತ್ತಗೆ ಮಾತಾಡುವ ಮನುಷ್ಯ. ಮೆತ್ತಗೆ ಮಾತಾಡುವವರನ್ನು ನಾನು ಅಷ್ಟು ಬೇಗ ನಂಬುವವಳಲ್ಲ. ಮೂರು ಬ್ಯಾಂಡಿನದು ಬೇಕು ಅಂದದ್ದಕ್ಕೆ ಗಾಜಿನ ಮೇಲೆ ಒಂದು ಕೆಂಪು ರೇಡಿಯೋ, ಒಂದು ಕರಿ ರೇಡಿಯೋ ಇಟ್ಟ. ಎರಡೂ ಇಟ್ಟಿಗೆಗಿಂತ ತುಸು ಸಣ್ಣವು. ಕೆಂಪನೆಯದರ ಕಿವಿ ತಿರುವಿದ ಕೂಡಲೇ, ಹಾಡುವವಳು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಾಳೇನೋ ಅನ್ನುವಷ್ಟು ನಿಚ್ಚಳ ದನಿ. ಯಜಮಾನರ ಮುಖ ಅರಳಿತು.

ನಾನು ರೇಡಿಯೋದ ಮುಖ ನೋಡಲಿಲ್ಲ, ಬೆನ್ನು ನೋಡಿದೆ. ಬೆನ್ನಿನಿಂದ ಕೂದಲಿನಂಥ ತಾಮ್ರದ ತಂತಿ ಹೊರಟು, ಕಪಾಟಿನ ಸಂದಿಯಲ್ಲಿ ಹಾದು, ಗೋಡೆಯ ಮೂಲೆ ಹಿಡಿದು, ಬೆಳಕಿಂಡಿಯಿಂದ ಮೇಲೆ ಹೋಗಿತ್ತು.

"ಈ ವೈರ್ ಎಲ್ಲಿಗಿ ಹೋಗ್ಯಾದಪ್ಪ?"

"ಏರಿಯಲ್ ಅಮ್ಮಾ. ಮಾಳಗಿ ಮ್ಯಾಲ ಕಟ್ಟೀವಿ. ದನಿ ಸಾಫ್ ಬರ್ತದ."

"ರೇಡಿಯೋ ಸಂಗಾಟ ಮಾಳಗಿನೂ ಕೊಡ್ತೀಯೇನು?"

ಯಜಮಾನರು ನನ್ನ ಸೆರಗು ಜಗ್ಗಿದರು. ನಾನು ಸುಮ್ಮನಾಗಲಿಲ್ಲ. ಎಮ್ಮೆ ಮಾರುವವರು ಹೀಗೆಯೇ ಮಾಡುತ್ತಾರೆ. ಹಿಂದಿನ ಹೊತ್ತು ಹಿಂಡದೆ ಬಿಟ್ಟು, ತುಂಬಿದ ಕೆಚ್ಚಲು ತೋರಿಸುತ್ತಾರೆ. ಅದಕ್ಕೇ ನಮ್ಮ ಕಡೆ ಎಮ್ಮೆಯನ್ನು ಮನೆಗೆ ತಂದು ಕಟ್ಟಿ, ಸಂಜೆಗೊಮ್ಮೆ ಮುಂಜಾನೆಗೊಮ್ಮೆ ಹಿಂಡಿ ನೋಡಿದ ಮೇಲೆಯೇ ವ್ಯಾಪಾರ ಮುಗಿಯುವುದು. ತಂತಿ ಬಿಚ್ಚಿಸಿದೆ. ಕೆಂಪು ರೇಡಿಯೋ ಒಲೆಯ ಮೇಲಿನ ಹಂಚಿನ ಹಾಗೆ ಚುರ್ ಅನ್ನತೊಡಗಿತು. ಕರಿಯದನ್ನೂ ತಂತಿಯಿಲ್ಲದೆ ಹಚ್ಚಿಸಿದೆ. ದನಿ ತೆಳ್ಳಗಿತ್ತು, ಆದರೆ ಹೋಗಲಿಲ್ಲ. "ಇದು ಇರ್ಲಿ" ಅಂದೆ.

ಅಂಗಡಿಯವ ಕರಿಯದನ್ನು ಒರೆಸುತ್ತ ಕೇಳಿದ: "ಇದು ಎಲ್ಲಿ ಬಳಸೋದಮ್ಮಾ?"

"ವಾಡಿಯಾಗ."

"ವಾಡಿಗಿ ಮೂರು ಬ್ಯಾಂಡ್ ಯಾಕಮ್ಮಾ? ಗುಲಬರ್ಗಾ ಸ್ಟೇಷನ್ ನಮ್ಮ ಕಡಿ ಎಲ್ಲಿ ಕುಂತರೂ ಮೀಡಿಯಂ ಬ್ಯಾಂಡ್ ಮ್ಯಾಲೇ ಬರ್ತದ. ಒಂದೇ ಬ್ಯಾಂಡಿಂದು ಒಯ್ರಿ, ಅಗ್ಗ ಬೀಳ್ತದ. ಉಳಿದ ಎರಡು ಬ್ಯಾಂಡ್ ಶಾರ್ಟ್‌ವೇವ್. ಅದು ದೂರದ ದೇಶಕ್ಕ ಹೋಗೋರ ಸಾಮಾನು. ಫೌಜಿನೋರು ಒಯ್ತಾರ, ದುಬೈಗಿ ಹೋಗೋ ಹುಡುಗರು ಒಯ್ತಾರ."

ಹೆಚ್ಚಿನ ಬೆಲೆಯದು ಬೇಡ ಅನ್ನುವ ಅಂಗಡಿಯವನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅದಕ್ಕೇ ಅವನ ಮಾತು ಖರೆ ಅನ್ನಿಸಿತು. ವಾಡಿಯಲ್ಲಿ ಕೂತು ಸಂಸಾರ ಮಾಡುವವನಿಗೆ ಬೇಡವಾದ ಸಾಮಾನನ್ನೇ ಹುಡುಗ ಭಾಳ ಹೇಳಿ ಕೇಳಿಸಿದ್ದಾನೆ. ಅಂದರೆ ಅವ ಎಲ್ಲಿಗೋ ಹೊರಟಿದ್ದಾನೆ, ನಮಗೆ ಹೇಳಿಲ್ಲ. ತಾಳಿ ಕಟ್ಟಿ, ನನ್ನ ಮಗಳನ್ನು ಚಿತ್ತಾಪುರದ ಮನೆಯಲ್ಲಿ ರೊಟ್ಟಿ ಬಡಿಯಲು ಬಿಟ್ಟು ಹೋಗುತ್ತಾನೋ? ಹೋದಲ್ಲಿ ಇನ್ನೊಬ್ಬಳಿದ್ದಾಳೋ?

"ಮೂರು ಬ್ಯಾಂಡಿಂದೇ ಕೊಡು. ಆದರ ಮನಿಗಿ ಒಯ್ದು ಎರಡು ಹೊತ್ತು ನೋಡ್ತೀನಿ. ರೊಕ್ಕ ನಿನ್ನ ಹತ್ರನೇ ಇರ್ಲಿ. ಸರಿ ಅನಿಸಲಿಲ್ಲಂದ್ರ ವಾಪಸ್."

"ಹಂಗ ಪದ್ಧತಿ ಇಲ್ಲಮ್ಮಾ."

"ನಮ್ಮಲ್ಲಿ ಅದ."

ಅವ ಯಜಮಾನರ ಮುಖ ನೋಡಿದ. ಯಜಮಾನರು ನೆಲ ನೋಡಿದರು. ಕಡೆಗೆ ಒಪ್ಪಿದ. ಚರ್ಮದ ಚೀಲಕ್ಕೆ ಬೇರೆ ದುಡ್ಡು ಅಂದ. "ಎಮ್ಮಿ ಮಾರಿದೋರು ಹಗ್ಗ ಕೊಡಲ್ಲ, ಇವಂದೂ ಅದೇ ಕಥಿ" ಅಂತ ಗೊಣಗಿಕೊಂಡು, ರೇಡಿಯೋವನ್ನು ಸೀರೆಯ ತುಂಡಿನಲ್ಲಿ ಸುತ್ತಿ ಎತ್ತಿಕೊಂಡೆ.

ವಾಡಿಯಲ್ಲಿ ಸೇಡಮಿನ ಗಾಡಿಗೆ ಇನ್ನೂ ಹೊತ್ತಿತ್ತು. ಸುಮ್ಮನೆ ಕೂಡುವುದೇಕೆ ಎಂದು, ಹುಡುಗ ಕೆಲಸ ಮಾಡುವ ಮಷೀನಿನವರ ಸಾಮಾನಿಡುವ ಜಾಗ ಕೇಳಿಕೊಂಡು ಹೋದೆವು. ತಂತಿ ಬೇಲಿ, ಒಳಗೆ ಕಬ್ಬಿಣದ ಪೈಪುಗಳ ರಾಶಿ, ಬಾಗಿಲಲ್ಲಿ ಒಬ್ಬ ಕಾವಲುಗಾರ.

"ಇಲ್ಲಿ ಕೆಲಸದೋರ ಖೋಲಿ ಎಲ್ಲಿ ಅವರಿ?" ಅಂದೆ.

"ಖೋಲಿ? ಯಾವ ಖೋಲಿ ಯವ್ವಾ? ಅವರೆಲ್ಲಾ ಡೇರೆದಾಗ ಇರೋರು. ಮಷೀನ್ ಎಲ್ಲೋ ಅವರು ಅಲ್ಲಿ. ಈಗ ಚಿಂಚೋಳಿ ಗುಡ್ಡದಾಗ ಅದಾರ."

ಕಾಕಾ ಹೇಳಿದ ಖೋಲಿ ಅಲ್ಲಿಗೆ ಕುಸಿಯಿತು. ಗಾಡಿಯಲ್ಲಿ ಯಜಮಾನರು, "ಸಂಬಂಧ ಬ್ಯಾಡ ಅಂತ ಹೇಳಿ ಕಳಿಸೋಣ" ಅಂದರು. ನಾನು ಬೇಡ ಅಂದೆ. ಸುಳ್ಳು ಹೇಳಿದ್ದು ಯಾಕೆಂದು ತಿಳಿಯದೆ ಬಿಟ್ಟರೆ, ಮುಂದೆ ಬರುವ ವರನ ಮೇಲೂ ಇದೇ ಅನುಮಾನ. ನೋಡಿಯೇ ಬಿಡುವುದು.

ಮರುದಿನ ರೇಡಿಯೋವನ್ನೂ ಎತ್ತಿಕೊಂಡು ಬಸ್ಸು ಹಿಡಿದು ಚಿಂಚೋಳಿಗೆ, ಅಲ್ಲಿಂದ ಚಂದಾಪುರದ ಪೇಟೆಗೆ ಹೋದೆವು. ಅಲ್ಲಿ ಡೇರೆಯವರಿಗೆ ಜೋಳದ ಹಿಟ್ಟು, ಸೀಮೆ ಎಣ್ಣೆ ಒಯ್ಯುವ ಲಾರಿ ನಿಂತಿತ್ತು. ಡ್ರೈವರನಿಗೆ, ನಿಮ್ಮ ಹುಡುಗನಿಗೆ ಹೆಣ್ಣು ಕೊಡುವವರು ನಾವು ಎಂದೆ. ಅವ ನಕ್ಕು ಹತ್ತಿಸಿಕೊಂಡ. "ಡೇರೆಕ್ಕ ಬೀಗರು ಬಂದದ್ದು ನಾ ಕಂಡಿಲ್ರಿ" ಅಂದ.

ಗುಡ್ಡದ ಕೆಳಗೆ ಏಳೆಂಟು ಡೇರೆ. ದೂರದಲ್ಲಿ ಮಷೀನು ನೆಲ ಕೊರೆಯುತ್ತಿತ್ತು, ಹಲ್ಲು ಜುಮ್ಮೆನ್ನುವಂಥ ಸದ್ದು. ಹುಡುಗ ಪಾಳಿ ಮುಗಿಸಿ ಬನಿಯನ್ನಿನಲ್ಲಿ ಕೂತು ಬೂದಿ ಹಚ್ಚಿ ಗಂಗಾಳ ತಿಕ್ಕುತ್ತಿದ್ದ. ನಮ್ಮನ್ನು ನೋಡಿ ಎದ್ದ. ಗಂಗಾಳ ಕೈಯಲ್ಲೇ ಇತ್ತು.

"ಬರ್ರಿ ಮಾವ, ಬರ್ರಿ ಅತ್ತಿ, ಕುಂದ್ರಿ" ಅಂದ. ಕೂಡಲು ಏನೂ ಇರಲಿಲ್ಲ.

ನಾನು ಕೂಡಲಿಲ್ಲ, ಡೇರೆಯ ಸುತ್ತ ಒಂದು ಸುತ್ತು ಹಾಕಿದೆ. ಹಿಂದೆ ನಾಲ್ಕು ಬಿದಿರಿನ ಗಳ ನೆಟ್ಟು ಗೋಣಿತಟ್ಟಿನ ಮರೆ ಕಟ್ಟಿತ್ತು. ಒಳಗೆ ಒಂದು ಶಹಾಬಾದ್ ಕಲ್ಲು, ಕಲ್ಲಿನ ಮೇಲೆ ತಂಬಿಗೆ. ಬಚ್ಚಲು. ಬೇರೆ ಗಂಡಸರು ಹಳ್ಳದ ದಂಡೆಯಲ್ಲಿ ಬಯಲಲ್ಲೇ ಮೈ ತೊಳೆಯುತ್ತಿದ್ದುದು ಕಾಣುತ್ತಿತ್ತು. ಗಂಡಸರಿಗೆ ಮರೆ ಯಾಕೆ ಬೇಕು? ನನ್ನ ಮೈ ಉರಿಯಿತು.

"ಯಾರಿದ್ದಾಳ ಇಲ್ಲಿ?"

"ಯಾರ್ರಿ ಅತ್ತಿ?"

"ಈ ಬಚ್ಚಲ ಯಾರಿಗಿ ಕಟ್ಟೀದಿ?"

ಹುಡುಗನ ಕಿವಿ ಕೆಂಪಾದವು. ನಾನು ರೇಡಿಯೋ ಬಿಚ್ಚಿ ಗೋಣಿಚೀಲದ ಮೇಲಿಟ್ಟು ಕಿವಿ ತಿರುವಿದೆ. ಅಂಗಡಿಯವ ತೋರಿಸಿದ ಹಾಗೆ ಮೀಡಿಯಂಗೆ ಹಾಕಿ ಮುಳ್ಳು ಸರಿಸಿದೆ. ಗುಲಬರ್ಗಾ ಸ್ಟೇಷನ್ ಬಂತು. ಆ ಗುಡ್ಡದ ಸಂದಿಯಲ್ಲೂ ಬಂತು. ಯಾರೋ ಎರೆ ಹೊಲದ ಬಗ್ಗೆ ಹೇಳುತ್ತಿದ್ದರು.

"ಕೇಳಿದ್ಯಾ? ಇಲ್ಲಿಗಿ ಒಂದೇ ಬ್ಯಾಂಡ್ ಸಾಕು. ವಾಡಿಗಂತೂ ಸಾಕೇ ಸಾಕು. ನೀ ಮೂರು ಕೇಳೀದಿ. ಎಲ್ಲಿಗಿ ಹೊಂಟೀದಿ? ಖರೆ ಹೇಳು, ಇಲ್ಲಾಂದ್ರ ಇದು ಅಂಗಡಿಗಿ ವಾಪಸ್, ನನ್ನ ಮಗಳು ನನ್ನ ಮನ್ಯಾಗ."

ಅವ ಗಂಗಾಳವನ್ನು ಕೆಳಗಿಟ್ಟ. "ದೀಪಾವಳಿ ಆದ ಮ್ಯಾಲ ಮಷೀನ್ ಮಧ್ಯಪ್ರದೇಶಕ್ಕ ಹೋಗ್ತದರಿ ಅತ್ತಿ. ಅಡವಿ. ಅಲ್ಲಿ ನಮ್ಮ ಮಾತು ಆಡೋರು ಯಾರೂ ಇಲ್ಲ. ನಾವು ದಿನ ಪೂರ್ತಿ ಮಷೀನಿನ ಹತ್ರ ಇರ್ತೀವಿ. ನಿಮ್ಮ ಮಗಳು ಒಬ್ಬಾಕಿನೇ ಡೇರೆದಾಗ ಇರಬೇಕು. ದಿಲ್ಲಿಯಿಂದ ಕನ್ನಡ ವಾರ್ತಾ ಬರ್ತದ, ಅದು ಅಲ್ಲಿ ಶಾರ್ಟ್‌ವೇವ್ ಮ್ಯಾಲೇ ಸಿಗ್ತದಂತ. ಹತ್ತು ನಿಮಿಷ ನಮ್ಮ ಮಾತು ಕೇಳಿದ್ರ ಅಕಿಗಿ..." ಅಂದು ನಿಲ್ಲಿಸಿದ. "ದೊಡ್ಡ ರೇಡಿಯೋ ಲಾರ್ಯಾಗ ಕುಲುಕಿ ಒಡೀತದರಿ."

"ಮತ್ತ ಬಚ್ಚಲ?"

"ಕಟ್ಟಿ ನೋಡಾಕತ್ತೀನ್ರಿ. ಬಿಚ್ಚಿ ಲಾರಿಗಿ ಹಾಕಾಕ ಬರಬೇಕಲ್ಲ."

"ಇದನ್ನೇ ನಮ್ಮ ಮನ್ಯಾಗ ಕುಂತು ಹೇಳಿದ್ರ ನಾಲಿಗಿ ಬೀಳ್ತಿತ್ತೇನು?"

"ಡೇರೆ ಅಂದ್ರ ಯಾರೂ ಹೆಣ್ಣು ಕೊಡಲ್ಲ ಅಂತ ಕಾಕಾ ಅಂದ್ರು. ಎರಡು ಕಡಿ ಹಂಗೇ ಆಗ್ಯಾದರಿ."

ಯಜಮಾನರು ಕರಗಿಯೇ ಹೋದರು. ನಾನು ಕರಗಲಿಲ್ಲ. ಕಣ್ಣು ತಗ್ಗಿಸಿ ಮಾತಾಡುವವರೆಲ್ಲ ಒಳ್ಳೆಯವರಾದರೆ ಪೊಲೀಸರಿಗೆ ಏನು ಕೆಲಸ? ಲಾರಿ ಡ್ರೈವರನನ್ನು ಬೇರೆಯಾಗಿ ಕರೆದು ಕೇಳಿದೆ, ಅಡುಗೆಯವನನ್ನು ಕೇಳಿದೆ, ಆ ಡೇರೆಯಲ್ಲಿ ಹೆಂಗಸು ಬಂದು ಹೋಗುವುದು ಉಂಟೋ ಎಂದು. ಅಡುಗೆಯವ, "ಅವನ ರೊಟ್ಟಿ ನೋಡಿದ್ರ ನಿಮಗೇ ತಿಳೀತದ ಯವ್ವಾ, ಹೆಂಗಸಿದ್ರ ಹಂಗ ತಿಂತಿದ್ನೇನು" ಅಂದ. ಮರಳಿ ಬಂದು ಬಚ್ಚಲಿನ ಮರೆಯ ಪಕ್ಕ ನಿಂತು ಅಳತೆ ನೋಡಿದೆ. ನನ್ನ ಭುಜಕ್ಕೆ ಬರುತ್ತಿತ್ತು.

"ಇದು ಗಿಡ್ಡ ಆಯ್ತು. ನನ್ನ ಮಗಳು ನನಗಿಂತ ಗೇಣು ಎತ್ತರ ಅದಾಳ. ಇನ್ನೂ ಒಂದು ತಟ್ಟು ಹೊಲಿ" ಅಂದೆ. ಅವನ ಮುಖ ಬೆಳಗಿತು. ಅದನ್ನು ಅಲ್ಲೇ ತಡೆದೆ: "ಹಿಗ್ಗಬ್ಯಾಡ. ನಾ ಹೂಂ ಅಂದಿಲ್ಲ. ನೀನೇ ಸೇಡಂಗ ಬಂದು, ಕಾಕಾನ್ನ ಬಿಟ್ಟು ಬಂದು, ಅಕಿ ಮುಂದ ಹೇಳು. ಅಕಿ ಒಲ್ಲೆ ಅಂದ್ರ ಮುಗೀತು."

ಮುಂದಿನ ರಜೆಯ ದಿನವೇ ಬಂದ. ಮಗಳನ್ನು ಬಾಗಿಲ ಹಿಂದೆ ನಿಲ್ಲಿಸಲಿಲ್ಲ, ಎದುರಿಗೇ ಕೂಡಿಸಿದೆ. ನೆರೆಯವರು ಏನಾದರೂ ಅಂದುಕೊಳ್ಳಲಿ. ಅವ ಡೇರೆ, ಅಡವಿ, ಮಧ್ಯಪ್ರದೇಶ ಎಲ್ಲಾ ಹೇಳಿದ. ಮಗಳು ಕೇಳಿದಳು:

"ಡೇರೆದಾಗ ಹಾವು ಬರ್ತಾವೇನು?"

"ಬರ್ತಾವ."

"ನಾ ಮಷೀನಿನ ಹತ್ರ ಬಂದು ಕೂಡಬಹುದೇನು?"

"ಬಿಡಲ್ಲರಿ. ಸಾಹೇಬ್ರು ಬೈತಾರ."

ಮಗಳು ಎದ್ದು ಅಡುಗೆಮನೆಗೆ ಬಂದಳು. ನಾನು ಹಿಂದೆಯೇ ಹೋದೆ. "ಯವ್ವಾ, ಇವನಿಗಿ ಸುಳ್ಳು ಹೇಳಾಕ ಬರಲ್ಲ. ಅದಕ್ಕೇ ಕಾಕಾನ ಬಾಯಿಲೆ ಹೇಳಿಸ್ಯಾನ" ಅಂದಳು, ನಕ್ಕಳು.

"ಬಾಯಿ ಮುಚ್ಚಿಕೊಂಡು ಕೂಡೋದೂ ಸುಳ್ಳೇ."

"ಇರ್ಲಿ. ಇನ್ನ ಮ್ಯಾಲ ನಾನೇ ಕೇಳ್ತೀನಿ, ಅವ ಹೇಳ್ತಾನ."

ಕಾಕಾನಿಗೆ ಒಂದೇ ಮಾತು ಹೇಳಿ ಕಳಿಸಿದೆ: ರೇಡಿಯೋ ಕೊಡುತ್ತೇನೆ, ವರನ ಕೈಗಲ್ಲ, ಮಗಳ ಕೈಗೆ. ಕಾಕಾ ಸಿಟ್ಟಿನಿಂದ ಕುಣಿದಾಡಿದ. ಹೆಣ್ಣಿಗೆ ರೇಡಿಯೋ ಕೊಡುವುದು ಯಾವ ಊರಿನ ಪದ್ಧತಿ ಅಂದನಂತೆ. ಹುಡುಗನೇ ಅವನನ್ನು ಸುಮ್ಮನಾಗಿಸಿದನೆಂದು ಆಮೇಲೆ ತಿಳಿಯಿತು. ಆ ಹುಡುಗ ಅಷ್ಟು ಮಾತಾಡಿದ್ದಾನೆಂದು ನಂಬಲು ನನಗೆ ಕೆಲವು ದಿನ ಹಿಡಿಯಿತು.

ಮದುವೆ ಆಯಿತು. ದೀಪಾವಳಿ ಮುಗಿದ ಮೇಲೆ ಇಬ್ಬರನ್ನೂ ವಾಡಿಯಲ್ಲಿ ಗಾಡಿ ಹತ್ತಿಸಲು ಹೋದೆವು. ಮಗಳು ಕಿಟಕಿಯ ಪಕ್ಕ, ನಾನು ಹೊಲಿದುಕೊಟ್ಟ ರೇಡಿಯೋದ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಕೂತಳು. ಯಜಮಾನರು ಕಣ್ಣೊರೆಸಿಕೊಂಡರು. ನಾನು ಅಳಿಯನನ್ನು ಬಾಗಿಲ ಹತ್ತಿರ ಕರೆದೆ.

"ಅಕಿಗಿ ಏನಾದ್ರೂ ತ್ರಾಸಾದ ಸುದ್ದಿ ನನ್ನ ಕಿವಿಗಿ ಬಿತ್ತಂದ್ರ, ಅಡವಿ ಇರ್ಲಿ ಏನೇ ಇರ್ಲಿ, ಬರ್ತೀನಿ ನೋಡು."

"ಬರ್ತೀರಿ ಅಂತ ಗೊತ್ತದರಿ ಅತ್ತಿ" ಅಂದ ಅವ, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಮೊದಲ ಸಲ.