ಹುತ್ತದ್ದಲ್ಲದ ಅಣಬೆ

ಮೊದಲು ವಾಂತಿ ಆದದ್ದು ಅಪ್ಪನಿಗೆ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಪಡಸಾಲೆಯಲ್ಲಿ ಕೌದಿ ಹೊದ್ದು ಮಲಗಿದ್ದವನು ಎದ್ದು ಕೂತು, "ಯಾಕೋ ಹೊಟ್ಟ್ಯಾಗ ಹಿಂಡಿದಂಗ ಆಗಾಕತ್ತೈತಿ" ಅಂದ. ಅಷ್ಟರಲ್ಲೇ ಬಗ್ಗಿದ. ನಾನು ನೀರು ತರಲು ಒಳಗೆ ಓಡಿದರೆ ಬಚ್ಚಲದಲ್ಲಿ ಗೌರಿ, ನನ್ನ ಹೆಂಡತಿ, ಗೋಡೆ ಹಿಡಿದು ಕೂತಿದ್ದಳು. ಬೆವರಿನಿಂದ ಕುಪ್ಪಸ ಬೆನ್ನಿಗೆ ಅಂಟಿತ್ತು.

ಇಬ್ಬರಿಗೂ ಒಂದೇ ಸಲಕ್ಕೆ.

ನನಗೆ ಏನೂ ಆಗಿರಲಿಲ್ಲ.

ಕಾಲರಾ ಅಂದುಕೊಂಡೆ. ಓಣಿಯವರೂ ಹಾಗೇ ಅಂದುಕೊಂಡರು. ಹೊತ್ತು ಏರುವುದರೊಳಗೆ ಸುದ್ದಿ ಹಬ್ಬಿ, ನಮ್ಮ ಬಾಗಿಲ ಮುಂದೆ ಹಾಯುವವರು ಆಚೆ ದಂಡೆ ಹಿಡಿದು ಹಾಯತೊಡಗಿದರು. ಗಾಡಿಯವನನ್ನು ಕರೆದೆ. ಅವನು ಎತ್ತುಗಳ ಮೈ ಸವರುತ್ತಾ, "ನನಗೂ ಮಕ್ಕಳದಾವ್ರಿ" ಅಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆನೋ ಏನೋ.

ಹತ್ತಿರ ಬಂದವಳು ಹಿತ್ತಲ ಆಚೆ ಮನೆಯ ದುರ್ಗವ್ವ ಒಬ್ಬಳೇ. ಬಾಗಿಲಲ್ಲಿ ನಿಂತು ಕೇಳಿದಳು:

"ನಿನ್ನಿ ಏನು ಉಂಡಾರ ಇವರು?"

"ರೊಟ್ಟಿ. ಅಣಬಿ ಪಲ್ಲೆ."

"ನೀನು?"

"ನಾ ಬರೀ ರೊಟ್ಟಿ, ಖಾರ."

ದುರ್ಗವ್ವನ ಮುಖ ನೋಡಿದೆ. ಆಗ ತಿಳಿಯಿತು.

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು. ನಾವು ಸಿಂಪಿಗರು. ನಾನೂ ಅಪ್ಪನೂ ಗಂಗಾವತಿಯ ಹತ್ತಿರದ ಈ ಊರಲ್ಲಿ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕಿದವರು. ಯುದ್ಧ ಶುರುವಾಗಿ ಬಟ್ಟೆಗೆ ಸರ್ಕಾರದ ಕಂಟ್ರೋಲ್ ಬಂದ ಮೇಲೆ ಹೊಸ ಬಟ್ಟೆ ಹೊಲಿಸುವವರು ಕಡಿಮೆಯಾದರು. ಹರಿದದ್ದಕ್ಕೆ ತೇಪೆ ಹಾಕುವುದೇ ಕೆಲಸವಾಯಿತು. ಅಪ್ಪನಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಹಲ್ಲೂ ಉದುರಿದ್ದವು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ನುಂಗುವ ಹೊತ್ತಿಗೆ ಅದರ ರುಚಿಯೇ ಹೋಗಿರುತ್ತಿತ್ತು. ಊಟಕ್ಕೆ ಕೂತಾಗ ಅಪ್ಪ ತಾಟನ್ನು ನೋಡುವ ರೀತಿ ಗೌರಿಯ ಕಣ್ಣಿಗೆ ಬಿದ್ದಿತ್ತು. ಅಡುಗೆ ಚೆನ್ನಾಗಿಲ್ಲವೆಂದು ಅಪ್ಪ ಒಂದು ದಿನವೂ ಅನ್ನಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು.

ಗೌರಿ ಕುಷ್ಟಗಿ ಕಡೆಯವಳು. ಅಲ್ಲಿ ಒಣಭೂಮಿ. ಅಣಬೆ ಎಂದರೆ ಮಕ್ಕಳು ಕಾಲಲ್ಲಿ ಒದೆಯುವ ವಸ್ತು ಅಂತಷ್ಟೇ ಅವಳಿಗೆ ಗೊತ್ತಿದ್ದದ್ದು. ಇಲ್ಲಿಗೆ ಬಂದ ಮೇಲೆ ಒಂದು ಮಳೆಗಾಲದಲ್ಲಿ ದುರ್ಗವ್ವ ಒಂದು ಬುಟ್ಟಿ ಅಣಬೆ ತಂದು ಪಲ್ಲೆ ಮಾಡಿ ನಮಗೂ ಒಂದು ಬಟ್ಟಲು ಕೊಟ್ಟಳು. ನನಗೆ ಅದರ ಜಾರುವಿಕೆ ಸೇರಲಿಲ್ಲ, ಬಾಯಿಂದ ತೆಗೆದಿಟ್ಟೆ. ಅಪ್ಪ ಮಾತ್ರ ಬಟ್ಟಲು ಬಳಿದು ತಿಂದ. "ಹಲ್ಲು ಇಲ್ಲದವರಿಗಂತನ ದೇವರು ಮಾಡ್ಯಾನ ನೋಡವ್ವಾ ಇದನ್ನ" ಅಂದ. ಅಂದಿನಿಂದ ಗೌರಿಗೆ ಅದೇ ಹುಚ್ಚು. ದುರ್ಗವ್ವನ ಬೆನ್ನು ಹತ್ತಿದಳು.

ದುರ್ಗವ್ವ ಕಲಿಸಿದಳು. ಗುಡುಗಿದ ಮರುದಿನ ಹೋಗಬೇಕು. ಹುತ್ತದಿಂದ ಎದ್ದದ್ದನ್ನು ಮಾತ್ರ ಕೀಳಬೇಕು. ಬುಡಕ್ಕೆ ಬೆರಳು ಹಾಕಿ ಎತ್ತಿದರೆ ಬಾಲದಂತೆ ಉದ್ದ ಬೇರು ಮಣ್ಣೊಳಗೆ ಇಳಿದಿರಬೇಕು. ಗೌರಿ ಮನೆಗೆ ಬಂದು ಅದನ್ನೆಲ್ಲ ನನಗೆ ಹೇಳುವಳು. ಯಂತ್ರ ತುಳಿಯುತ್ತಾ ನಾನು ಹೂಂಗುಡುವೆ. ಎರಡು ಮೂರು ಸಲ ಜೊತೆಗೆ ಹೋದಳು. ತಂದದ್ದನ್ನು ಅಪ್ಪನೂ ಅವಳೂ ಉಂಡರು, ಏನೂ ಆಗಲಿಲ್ಲ.

ಪಲ್ಲೆ ಮಾಡಿದ ಆ ದಿನ ದುರ್ಗವ್ವ ತವರಿಗೆ ಹೋಗಿದ್ದಳು, ಮರಳಿದ್ದು ರಾತ್ರಿ ತಡವಾಗಿ. ಹಿಂದಿನ ಸಂಜೆ ಚೆನ್ನಾಗಿ ಗುಡುಗಿತ್ತು. ಗೌರಿ ಒಬ್ಬಳೇ ಕಲ್ಲುಗುಡ್ಡದ ಬುಡಕ್ಕೆ ಹೋದಳು. ಹುತ್ತದ ಮೇಲಿನದನ್ನು ಯಾರೋ ಮೊದಲೇ ಕಿತ್ತೊಯ್ದಿದ್ದರು. ಒಂದಿಷ್ಟು ಉಳಿದಿದ್ದವು. ಪಕ್ಕದಲ್ಲಿ, ಬಂಡೆಯ ನೆರಳಿನ ಕೊಳೆತ ಎಲೆಯಲ್ಲಿ, ಇನ್ನಷ್ಟು ಸಣ್ಣವು. ಬಿಳಿಯವು, ನೆತ್ತಿಯ ಮೇಲೆ ಕಂದು ಹುರುಪೆ. ಹುತ್ತದ ಬೇರು ಇಲ್ಲಿಯವರೆಗೂ ಬಂದಿರಬೇಕು ಅಂದುಕೊಂಡಳಂತೆ. ಅಷ್ಟೇ. ಎಲ್ಲವನ್ನೂ ಒಂದೇ ಉಡಿಯಲ್ಲಿ ತಂದಳು.

ಈಗ ಹಿತ್ತಲ ತಿಪ್ಪೆಯಲ್ಲಿ ಗೌರಿ ಚೆಲ್ಲಿದ್ದ ಬುಡಗಳನ್ನು ದುರ್ಗವ್ವ ಕೆದಕಿ ನೋಡಿದಳು. "ಇವು ಹುತ್ತದ್ದಲ್ಲ" ಅಂದಳು. ಕೂಡಲೇ ಹೋಗಿ, ತನ್ನ ಅಳಿಯನ ಗಾಡಿ ಹೂಡಿಸಿಕೊಂಡು ಬಂದಳು.

ಗಂಗಾವತಿಯ ದವಾಖಾನೆಗೆ ಮುಟ್ಟುವಷ್ಟರಲ್ಲಿ ಇಬ್ಬರಲ್ಲೂ ಜೀವ ಇರಲಿಲ್ಲ ಅನ್ನಬೇಕು. ವಾಂತಿ ನಿಂತರೆ ಭೇದಿ, ಭೇದಿ ನಿಂತರೆ ವಾಂತಿ. ಅಪ್ಪನ ಕಣ್ಣು ಗುಳಿ ಬಿದ್ದು ಬೇರೆ ಯಾರದೋ ಮುಖದಂತಾಗಿತ್ತು. ಗೌರಿಯ ಕೈಬೆರಳು ನೀರಲ್ಲಿ ನೆನೆದಂತೆ ಸುಕ್ಕುಗಟ್ಟಿದ್ದವು. ಡಾಕ್ಟರ್ ಸಾಹೇಬರು ಹೈದರಾಬಾದಿನವರು. ಉರ್ದು ಬೆರೆಸಿದ ಕನ್ನಡ ಮಾತಾಡುತ್ತಿದ್ದರು. ಗಂಡಸರ ವಾರ್ಡಿಗೆ ಅಪ್ಪನನ್ನು, ಹೆಂಗಸರ ವಾರ್ಡಿಗೆ ಗೌರಿಯನ್ನು ಒಯ್ದರು. ನಡುವೆ ಒಂದು ಗೋಡೆ, ಹೊರಗೆ ಒಂದು ಬೇವಿನ ಮರ. ನಾನು ಈ ಬಾಗಿಲಿಂದ ಆ ಬಾಗಿಲಿಗೆ ಓಡಾಡಿದೆ. ಇಲ್ಲಿದ್ದಾಗ ಅಲ್ಲೇನಾಯಿತೋ, ಅಲ್ಲಿದ್ದಾಗ ಇಲ್ಲೇನಾಯಿತೋ.

ಅಣಬೆ ಎಂದಾಗ ಡಾಕ್ಟರ್ ತಲೆ ಎತ್ತಿ ನನ್ನನ್ನು ನೋಡಿದರು. "ಎಷ್ಟೊತ್ತಿಗೆ ತಿಂದ್ರು? ವಾಂತಿ ಎಷ್ಟೊತ್ತಿಗೆ ಶುರು ಆತು?" ಎಂದು ಕೇಳಿದರು. ರಾತ್ರಿ ಉಂಡದ್ದು, ಬೆಳಗಿನ ಜಾವ ಶುರುವಾದದ್ದು ಎಂದೆ. ಅವರಿಗೆ ಆ ಮಾತು ಹಿಡಿಸಲಿಲ್ಲ. ಉಂಡ ಕೂಡಲೇ ವಾಂತಿಯಾಗಿದ್ದರೆ ಛಲೋ ಇತ್ತು ಅಂದರು. ಯಾಕೆಂದು ಕೇಳುವ ಧೈರ್ಯ ಬರಲಿಲ್ಲ. ಗ್ಲೂಕೋಸ್ ಬಾಟ್ಲಿ ತಂದು ಇಬ್ಬರಿಗೂ ಹಚ್ಚಿದರು. ಯುದ್ಧದ ದಿನ, ಅದೂ ಸುಲಭಕ್ಕೆ ಸಿಗುತ್ತಿರಲಿಲ್ಲ.

ಒಂದೆರಡು ದಿನದಲ್ಲಿ ಇಬ್ಬರೂ ಚೇತರಿಸಿಕೊಂಡರು.

ಆ ದಿನವನ್ನು ನಾನು ಮರೆಯಲಾರೆ. ಬಿಸಿಲು ಬಿದ್ದಿತ್ತು. ಅಪ್ಪ ದಿಂಬಿಗೆ ಒರಗಿ ಕೂತು ಗಂಜಿ ಕುಡಿದ. ಪಕ್ಕದ ಹಾಸಿಗೆಯವನ ಅಂಗಿ ನೋಡಿ, "ಯಾವನಪ್ಪಾ ಹೊಲದಾಂವ? ಕಾಲರ್ ಒಂದು ಕಡೆ ಜೋತೈತಿ" ಎಂದು ನಗಿಸಿದ. ಗೌರಿ ಜಡೆ ಹೆಣೆದುಕೊಂಡಿದ್ದಳು. "ಮನಿಗೆ ಹೋಗೂಣ ನಡೀರಿ, ಎಮ್ಮಿ ಯಾರು ನೋಡ್ತಾರ?" ಅಂದಳು. ನಾನು ಡಾಕ್ಟರ ಹತ್ತಿರ ಹೋಗಿ ಕೈಮುಗಿದೆ. ನಿಮ್ಮಿಂದ ನಮ್ಮ ಮನಿ ಉಳೀತು ಅಂದೆ.

ಅವರು ನಗಲಿಲ್ಲ. ಬಂದು ಅಪ್ಪನ ಬಲಪಕ್ಕೆಲುಬಿನ ಕೆಳಗೆ ಬೆರಳಿಂದ ಒತ್ತಿದರು. ಅಪ್ಪ ಹಲ್ಲಿಲ್ಲದ ಬಾಯಿ ಬಿಗಿಹಿಡಿದ. ಹೊರಗೆ ಕರೆದುಕೊಂಡು ಹೋಗಿ ಹೇಳಿದರು:

"ಕೇಳು ದರ್ಜಿ. ಹೊಟ್ಟಿ ತಣ್ಣಗಾಗೇದ, ಖರೆ. ಆದ್ರ ಜಹರು, ಅಂದ್ರ ವಿಷ, ಹೋಗಿಲ್ಲ. ಉಂಡು ತಡಾ ಆಗಿ ವಾಂತಿ ಆತಲ್ಲ, ಅಷ್ಟರಾಗ ಜಿಗರ್‌ಗೆ ಇಳದದ. ಲಿವರ್ ಅಂತೀವಿ ನಾವು. ಇನ್ನೆರಡು ದಿನ ನೋಡಬೇಕು."

"ಅದಕ್ಕ ಔಷಧ ಏನೈತ್ರಿ ಸಾಹೇಬ್ರ?"

"ಗ್ಲೂಕೋಸ್ ಕೊಡ್ತೀನಿ."

"ಮತ್ತ?"

ಅವರು ಬೇವಿನ ಮರದ ಕಡೆ ನೋಡಿದರು.

ಮರುದಿನ ಅಪ್ಪನ ಕಣ್ಣು ಹಳದಿ.

ಗೌರಿಯ ವಾರ್ಡಿಗೆ ಓಡಿದೆ. ಕಿಟಕಿಯ ಕಡೆ ಮುಖ ತಿರುಗಿಸಲು ಹೇಳಿದೆ. ಅವಳದೂ ಹಳದಿ. "ಯಾಕ್ರಿ ಹಂಗ ನೋಡ್ತೀರಿ?" ಅಂದಳು. ಏನಿಲ್ಲ ಅಂದೆ. ಆಮೇಲೆ ಎಷ್ಟು ಸಲ ಹಾಗಂದೆನೋ.

ಬೇನೆಬಿದ್ದವರ ಹತ್ತಿರ ಕೂತವನಿಗೆ ಮಾಡಲು ಏನಾದರೂ ಕೆಲಸ ಇರಬೇಕು. ಕಾಲು ಒತ್ತುವುದು, ಬಟ್ಟೆ ಒಗೆಯುವುದು, ನೊಣ ಹೊಡೆಯುವುದು. ಅವುಗಳಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದರೂ ಕೈ ಸುಮ್ಮನಿರಲಾರದು. ನಾನು ಹದಿನಾರರಿಂದ ಕತ್ತರಿ ಹಿಡಿದವನು. ಹರಿದದ್ದು ಎಂಥದೇ ಇರಲಿ, ಎಲ್ಲಿಂದ ಕೂಡಿಸಬೇಕು ಎಂದು ಕೈಗೆ ತಿಳಿಯುತ್ತಿತ್ತು. ಇಲ್ಲಿ ಎಲ್ಲಿ ಹರಿದಿದೆ ಎಂದೇ ಕಾಣುತ್ತಿರಲಿಲ್ಲ.

ಅಪ್ಪನಿಗೆ ಭ್ರಮೆ ಹತ್ತಿತು. ಹೊದಿಕೆಯ ಅಂಚನ್ನು ಬೆರಳಲ್ಲಿ ತೀಡುತ್ತಾ ಗಾಳಿಯಲ್ಲಿ ಸೂಜಿಗೆ ದಾರ ಪೋಣಿಸಿದ. ತುದಿಯನ್ನು ತುಟಿಗೆ ಹಚ್ಚಿ ತೇವ ಮಾಡಿ, ಕಣ್ಣು ಕಿರಿದು ಮಾಡಿ, ಮತ್ತೆ ಮತ್ತೆ ಪೋಣಿಸಲು ನೋಡಿದ. ಸೂಜಿಯ ಕಣ್ಣು ಸಿಗುತ್ತಿರಲಿಲ್ಲ. "ತಮ್ಮಾ, ಬೆಳಕು ಬಿಡೋ, ಅಡ್ಡ ನಿಂತೀದಿ" ಅಂದ. ನಾನು ಸರಿದು ನಿಂತೆ. ಹಾಗೆ ಸರಿದು ನಿಂತದ್ದೇ ನಾನು ಅವನಿಗೆ ಮಾಡಿದ ಕೊನೆಯ ಸೇವೆ. ಮರುದಿನ ಹೊತ್ತು ಏರುವ ಮುಂದೆ ಅಪ್ಪ ಹೋದ.

ಡಾಕ್ಟರ್ ನನ್ನ ಹೆಗಲ ಮೇಲೆ ಕೈಯಿಟ್ಟರು. "ಆಕಿಗೆ ಈಗ ಹೇಳಬ್ಯಾಡ. ಆಕಿ ವಯಸ್ಸು ಕಡಿಮಿ, ಲಡಾಯಿ ಮಾಡಾಕತ್ತಾಳ. ಇದು ಕೇಳಿದ್ರ ಬಿಟ್ಟಾಳು."

ದುರ್ಗವ್ವನನ್ನು ಗೌರಿಯ ಹತ್ತಿರ ಕೂಡಿಸಿ, ಅಪ್ಪನನ್ನು ಅದೇ ಗಾಡಿಯಲ್ಲಿ ಊರಿಗೆ ಒಯ್ದು ಮಣ್ಣು ಮಾಡಿದೆ. ಅಳಲು ಹೊತ್ತಿರಲಿಲ್ಲ. ಕೆರೆಯಲ್ಲಿ ಮಿಂದು, ಬೇರೆ ಧೋತರ ಉಟ್ಟು, ದವಾಖಾನೆಗೆ ಮರಳಿದೆ.

"ಎಲ್ಲಿ ಹೋಗಿದ್ರಿ?" ಗೌರಿ ಕೇಳಿದಳು. ದನಿ ಬಾವಿಯಿಂದ ಬಂದಂತಿತ್ತು.

"ಎಮ್ಮಿ ನೋಡಾಕ."

"ಮಾವಾರು ಉಂಡ್ರೇನ್ರಿ?"

"ಉಂಡ್ರು."

ಡಾಕ್ಟರ್ ಅವಳಿಗೆ ಮೋಸಂಬಿ ರಸ ಕೊಡಲು ಹೇಳಿದ್ದರು. ನಾನು ಹಿಂಡಿಕೊಟ್ಟರೆ ಅರ್ಧ ಕುಡಿದು ಬಟ್ಟಲು ಚಾಚಿದಳು. "ಉಳದದ್ದು ಮಾವಾರಿಗೆ ಕೊಡ್ರಿ. ಅವರಿಗೆ ಅಗಿಯೂದು ಬೇಕಾಗೂದಿಲ್ಲ." ಬೇಡ, ನೀನೇ ಕುಡಿ ಅಂದರೆ ಕೇಳಳು. ಹಟ ಮಾಡಿದರೆ ಅವಳಿಗೆ ಉಸಿರು ಹತ್ತುತ್ತಿತ್ತು. ಬಟ್ಟಲು ತೆಗೆದುಕೊಂಡು ಹೊರಗೆ ಬಂದೆ. ಬೇವಿನ ಮರದ ಕೆಳಗೆ ನಿಂತೆ. ಚೆಲ್ಲಲು ಕೈ ಬರಲಿಲ್ಲ. ಕುಡಿದೆ. ಬಾಯಿ ಒರೆಸಿಕೊಂಡು ಖಾಲಿ ಬಟ್ಟಲು ಒಳಗೆ ತಂದೆ. "ಕುಡದ್ರೇನು?" "ಕುಡದ್ರು." ಅವಳ ಮುಖ ಸ್ವಲ್ಪ ಅರಳಿತು.

ಪ್ರತಿದಿನ ಹೀಗೆ. ಅವಳ ಮೈ ಇಡೀ ಅರಿಶಿನವಾಗಿ, ತುರಿಕೆ ಹತ್ತಿ, ಕೆರೆದು ಕೆರೆದು ರಕ್ತ ಬರುತ್ತಿತ್ತು. ಒಮ್ಮೊಮ್ಮೆ ನನ್ನ ಗುರುತೂ ಸಿಗುತ್ತಿರಲಿಲ್ಲ. ಆದರೆ ಗುರುತು ಸಿಕ್ಕ ಕೂಡಲೇ ಮೊದಲ ಮಾತು ಮಾವಾರದು. ಅವಳು ಬದುಕಲಿ ಎಂದು ಬೇಡುತ್ತಿದ್ದೆ. ಬದುಕಿದ ಮೇಲೆ ಹೇಳಬೇಕಲ್ಲ ಎಂದು ಹೆದರುತ್ತಿದ್ದೆ. ಯಾವುದಕ್ಕೆ ಹೆಚ್ಚು ಹೆದರಿದೆನೋ ಈಗಲೂ ಗೊತ್ತಿಲ್ಲ.

ಯಲಬುರ್ಗಾದಿಂದ ನನ್ನ ಅಕ್ಕ ಬಂದಳು. ಸುದ್ದಿ ತಡವಾಗಿ ಮುಟ್ಟಿತ್ತು. ಮಳೆಗೆ ಕರಿಮಣ್ಣಿನ ದಾರಿ ಕೆಸರಾಗಿ ಮೋಟಾರು ಎಲ್ಲೋ ಹೂತಿತ್ತಂತೆ. ನಾನು ರಸ ತರಲು ಹೋಗಿದ್ದಾಗ ಅವಳು ನೇರ ಹೆಂಗಸರ ವಾರ್ಡಿಗೆ ನಡೆದುಬಿಟ್ಟಿದ್ದಳು. ಅಕ್ಕನ ಬಾಯಿ ನನಗೆ ಗೊತ್ತು. ಬಟ್ಟಲು ತುಳುಕಿಸುತ್ತಾ ಓಡಿದೆ.

ಅಕ್ಕ ಹಾಸಿಗೆಯ ತುದಿಗೆ ನಿಂತಿದ್ದಳು. ಅತ್ತು ಅತ್ತು ಊದಿದ ಮುಖ. ಗೌರಿ ಅವಳನ್ನೇ ನೋಡುತ್ತಿದ್ದಳು.

"ಅಕ್ಕಾರ, ಮಾವಾರು ಯಾವಾಗ ಹೋದ್ರು?"

ಅಕ್ಕ ನನ್ನ ಕಡೆ ತಿರುಗಿದಳು. ನಾನು ತಲೆ ತಗ್ಗಿಸಿದೆ.

"ಹ್ವಾದ ಸೋಮವಾರ ಅಂತವ್ವಾ."

ಗೌರಿ ಅಳಲಿಲ್ಲ. ನನ್ನ ಕೈಯಲ್ಲಿದ್ದ ಬಟ್ಟಲು ನೋಡಿದಳು.

"ಮತ್ತ ಆ ರಸ ಯಾರು ಕುಡದ್ರು?"

"ನಾನು."

ಅವಳು ಗೋಡೆಯ ಕಡೆ ಹೊರಳಿದಳು. ಅಕ್ಕ ಹಾಸಿಗೆಯ ಮೇಲೆ ಕೂತು ಅವಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಗೌರಿಯ ಬಾಯಿಂದ ಹೊರಟ ಸದ್ದು ಅಳುವಿನಂತಿರಲಿಲ್ಲ. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ.

ಸ್ವಲ್ಪ ಹೊತ್ತಿಗೆ ಅಕ್ಕ ಬಂದು ಪಕ್ಕದಲ್ಲಿ ಕೂತಳು. "ದಾರ್ಯಾಗೆಲ್ಲಾ ಆಕೀನ್ನ ಬೈಕೊಂತ ಬಂದೀನೋ ತಮ್ಮಾ. ಅಪ್ಪನ ತಿಂದ್ಲು ಅಂತ ಮಾರಿ ಮ್ಯಾಲ ಅನಬೇಕಂತ ಬಂದೆ. ಆಕೀನ್ನ ನೋಡಿದ ಮ್ಯಾಲ ಬಾಯಿ ಬರಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಮನಸಿನ್ಯಾಗ ಇನ್ನೂ ಐತಿ. ಸುಳ್ಳು ಯಾಕ ಹೇಳ್ಲಿ. ಆದ್ರ ಅನ್ನೂದಿಲ್ಲ."

ಡಾಕ್ಟರ್ ಹೆದರಿದಂತೆ ಆಗಲಿಲ್ಲ. ಗೌರಿ ಬಿಡಲಿಲ್ಲ. ಹೇಗೆ ಉಳಿದಳು ಎಂದು ಕೇಳಿದರೆ ಡಾಕ್ಟರಿಗೂ ಗೊತ್ತಿಲ್ಲ. "ನಾನು ನೀರು, ಸಕ್ಕರಿ ಕೊಟ್ಟೀನಿ ಅಷ್ಟ. ಉಳದಾಕಿ ಆಕೀನ" ಅಂದರು. ಮನೆಗೆ ಕರೆತಂದಾಗ ಹೊಲಗಳಲ್ಲಿ ಭತ್ತ ತೆನೆಗಟ್ಟಿತ್ತು. ಈಗಲೂ ಅವಳು ತುಂಬಿದ ಕೊಡ ಎತ್ತಲಾರಳು.

ಮೊದಮೊದಲು ಒಲೆಯ ಹತ್ತಿರವೇ ಹೋಗಲಿಲ್ಲ. ಅಕ್ಕ ಇರುವಷ್ಟು ದಿನ ಅಕ್ಕ ಬೇಯಿಸಿದಳು, ಆಮೇಲೆ ದುರ್ಗವ್ವ ರೊಟ್ಟಿ ತಂದಿಟ್ಟಳು. ದುರ್ಗವ್ವ ಬಂದರೆ ಗೌರಿ ಅವಳ ಕೈ ಹಿಡಿದು ಕೂಡುವಳು.

ಒಂದು ದಿನ ತಾನೇ ಎದ್ದು ಒಲೆ ಹಚ್ಚಿದಳು. ರೊಟ್ಟಿ ಬಡಿದು ಬ್ಯಾಳಿ ಬೇಯಿಸಿದಳು. ನಾನು ಕೈ ತೊಳೆದು ಬಂದರೆ ತಡೆದಳು.

"ಮೊದಲ ನಾ ಉಣ್ತೀನಿ. ನನಗೇನೂ ಆಗಲಿಲ್ಲಂದ್ರ ನೀವು ನಾಳಿ ಉಣ್ರಿ."

ಗಂಡನಿಗಿಂತ ಮೊದಲು ಉಣ್ಣುವ ಹೆಂಗಸನ್ನು ನಮ್ಮ ಓಣಿ ಕಂಡಿರಲಿಲ್ಲ. ಮಾತು ಬಂತು. ರಾತ್ರಿ ಅವಳು ಉಂಡದ್ದನ್ನು ಬೆಳಿಗ್ಗೆ ನಾನು ಉಂಡೆ. ಬೆಳಗಿನದನ್ನು ರಾತ್ರಿ. ರೊಟ್ಟಿ ಚರ್ಮದಂತೆ ಆಗಿರುತ್ತಿತ್ತು, ಬ್ಯಾಳಿ ಹಳಸುವ ಅಂಚಿಗೆ ಬಂದಿರುತ್ತಿತ್ತು. ಬೇಳೆಯಲ್ಲಿ ಏನಿರುತ್ತದೆ ಎಂದು ವಾದಿಸಬಹುದಿತ್ತು. ವಾದದಿಂದ ವಾಸಿಯಾಗುವಂಥದ್ದಲ್ಲ ಎಂದು ಆರಿದ್ದನ್ನೇ ಉಂಡೆ.

ಚಳಿ ಬಿದ್ದ ಮೇಲೆ, ಹೋದ ವಾರ, ಯಂತ್ರ ನಿಲ್ಲಿಸಿ ಒಳಗೆ ಬಂದೆ. ಗೌರಿ ಎರಡು ತಾಟು ಇಟ್ಟುಕೊಂಡು ಕೂತಿದ್ದಳು. ರೊಟ್ಟಿಯಿಂದ ಹಬೆ ಏಳುತ್ತಿತ್ತು.

"ಬಿಸಿ ಅದಾವು" ಅಂದಳು. "ಬರ್ರಿ, ಇಬ್ರೂ ಕೂಡೇ ಉಣ್ಣೂಣು."

ನಾನು ಕೂತೆ. ಅವಳು ತುತ್ತು ಮುರಿಯುವವರೆಗೆ ಕಾದು, ಅವಳ ಜೊತೆಗೇ ನಾನೂ ಬಾಯಿಗಿಟ್ಟೆ.