ಅಂಗೈಯೊಳಗಿನ ಐದಾರು ಜ್ಯೋತಿ

ಆ ದಿನಗಳಲ್ಲಿ ತಮಿಳು ನಾಡಿನ ಕೋಯಂಬೇಡಿನ ನಮ್ಮ ಮನೆಯ ಬಟ್ಟೆ, ಹಾಸಿಗೆ, ಹಬ್ಬದ ಹೋಳಿಗೆ ಎಲ್ಲಕ್ಕೂ ಉಳ್ಳಾಗಡ್ಡಿಯ ವಾಸನೆ. ಅಪ್ಪನದು ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಸಗಟು ವ್ಯಾಪಾರ. ಗದಗದ ಕಡೆಯಿಂದ ಲಾರಿ ಬರುತ್ತಿತ್ತು. ರಜೆಯಲ್ಲಿ ನಾನೂ ತಮ್ಮನೂ ಮೂಟೆಗಳ ಮೇಲೆ ಹತ್ತಿ ಜಿಗಿಯುತ್ತಿದ್ದೆವು. ಧೂಳಿಗೆ ಕಣ್ಣು ತುರಿಸುತ್ತಿತ್ತು. ನಾನಂತೂ ಮುಷ್ಟಿ ಕಟ್ಟಿ ಕೆಂಪಾಗುವಷ್ಟು ಉಜ್ಜಿಕೊಳ್ಳುತ್ತಿದ್ದೆ. ಯಾರೂ ಬೇಡ ಅನ್ನಲಿಲ್ಲ.

ನನಗಾಗ ಹನ್ನೆರಡು ವರ್ಷ. ಆ ಬೇಸಿಗೆಯಲ್ಲಿ ಅಜ್ಜಿ ನನಗೆ ಲಿಂಗಪೂಜೆ ರೂಢಿ ಮಾಡಿಸಿದಳು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಅದರ ಕಪ್ಪು ಮೈಮೇಲೆ ಹೊಳೆಯುವ ದೀಪದ ಚುಕ್ಕೆಯನ್ನು ರೆಪ್ಪೆ ಬಡಿಯದೆ ನೋಡಬೇಕು.

"ಜ್ಯೋತಿ ಕಾಣಸ್ತೇನವ್ವ?"

"ಒಂದಲ್ಲಜ್ಜಿ, ಐದಾರು ಅದಾವ."

ಅಜ್ಜಿ ನನ್ನ ತಲೆ ನೇವರಿಸಿದಳು. "ನನಗ ಇಷ್ಟ ವರ್ಷಾದ್ರೂ ಒಂದ ಕಂಡಿದ್ದು. ಕೂಸಿಗೆ ಶಿವ ಒಲದಾನ."

ಅಷ್ಟು ಸಾಕಾಯಿತು ಅಪ್ಪನಿಗೆ. ಊರಿನಿಂದ ಬಂದು ತ್ರಿಪ್ಲಿಕೇನ್ ಲಾಡ್ಜಿನಲ್ಲಿ ಇಳಿದವರನ್ನೆಲ್ಲ ಮನೆಗೆ ಕರೆತಂದು, ಅವರೆದುರು ನನ್ನನ್ನು ಪೂಜೆಗೆ ಕೂರಿಸಿದರು. ದೊಡ್ಡವರು ನನ್ನ ಕಾಲು ಮುಟ್ಟಿದರು.

ಅವ್ವನಿಗೆ ಮಾತ್ರ ಅನುಮಾನ. "ಬೀದಿ ಲೈಟೂ ಐದಾರು ಕಾಣ್ತಾವಂತ್ರೀ. ಒಮ್ಮೆ ಕಣ್ಣಿನ ಡಾಕ್ಟರ್‌ಗೆ ತೋರಿಸೂಣು."

"ಶಿವ ಕೊಟ್ಟದ್ದನ್ನ ಡಾಕ್ಟರ್ ಕಡೆ ತಗಸ್ತೀ ಏನ? ಸುಮ್ನಿರು."

ಬೀದಿಯ ಕಂಬವೂ ಶಿವನೇ? ಮೂಟೆ ಬಿಚ್ಚದೆ ಮೂಗಿನಿಂದಲೇ ಕೊಳೆತ ಉಳ್ಳಾಗಡ್ಡಿ ಪತ್ತೆ ಮಾಡುವ ಮನುಷ್ಯನಿಗೆ ಮಗಳ ಕಣ್ಣು ಕೆಡುತ್ತಿರುವುದು ತಿಳಿಯಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಶಾಲೆ ತೆರೆದಾಗ ಕಪ್ಪುಹಲಗೆಯ ಮೇಲಿನ ಒಂದಕ್ಷರವೂ ಕಾಣಲಿಲ್ಲ. ಅವ್ವ ಅಪ್ಪನಿಗೆ ಹೇಳದೆ ಆಸ್ಪತ್ರೆಗೆ ಕರೆದೊಯ್ದಳು. ಕಣ್ಣಿಗೆ ಹೋದ ನನ್ನ ಕೈಯನ್ನು ಡಾಕ್ಟರಮ್ಮ ಹಿಡಿದು, "ಕಸಕ್ಕವೇ ಕೂಡಾದು," ಉಜ್ಜಲೇಬಾರದು ಎಂದು ತಮಿಳಿನಲ್ಲಿ ಗದರಿದರು. ರೋಗದ ಹೆಸರು ಕೆರಟೊಕೋನಸ್. ಕಣ್ಣಿನ ಮುಂದಿನ ಪಾರದರ್ಶಕ ಪದರ ತೆಳುವಾಗಿ ಚೂಪಾಗಿ ಉಬ್ಬಿತ್ತು. ದೀಪಗಳು ಒಡೆದು ಕಾಣುತ್ತಿದ್ದದ್ದು ಅದಕ್ಕೇ. ಬಲಗಣ್ಣಿಗೆ ಔಷಧಿಯ ಹನಿ ಬಿಟ್ಟು, ನೇರಳಾತೀತ ಬೆಳಕು ಹಾಯಿಸಿ ಪದರ ಗಟ್ಟಿ ಮಾಡಿದರು. ರೋಗ ಅಲ್ಲಿಗೆ ನಿಂತಿತು. ಎಡಗಣ್ಣು ಆ ಚಿಕಿತ್ಸೆಯನ್ನೂ ತಾಳದಷ್ಟು ತೆಳುವಾಗಿಹೋಗಿತ್ತು. ಬೇಸಿಗೆಯಲ್ಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರಮ್ಮ.

ಈಗ ಬಲಗಣ್ಣಿಗೆ ಗಟ್ಟಿ ಲೆನ್ಸ್ ಹಾಕಿ ಕೆಲಸಕ್ಕೆ ಹೋಗುತ್ತೇನೆ. ಎಡಗಣ್ಣಿಗೆ ಯಾವ ಲೆನ್ಸೂ ಕೂರುವುದಿಲ್ಲ. ಎದುರಿಗಿರುವವರ ಮುಖವೂ ಅದಕ್ಕೆ ಬರೀ ಕಲೆ. ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ತಿಳಿದಿರಲಿಲ್ಲ. ಅಪ್ಪನಿಗೆ ಅವ್ವ ಹೇಳಿದ್ದಳು.

ಹೋದ ವರ್ಷ ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂತು. ಗೊತ್ತಾದ ವಾರದಲ್ಲೇ ಒಂದಕ್ಕೆ, ಮುಂದಿನ ವಾರ ಇನ್ನೊಂದಕ್ಕೆ ಆಪರೇಷನ್ ಮಾಡಿಸಿಕೊಂಡರು. ಹನಿ ಹಾಕುವ ಕೆಲಸ ನನ್ನದಾಯಿತು.

"ಎಲ್ಲಾ ಎಷ್ಟ ಚಂದ ಕಾಣಸ್ತೈತಿ ನೋಡವ್ವ," ಅಂದರು ಅಪ್ಪ, ನನ್ನ ಮುಖವನ್ನೇ ನೋಡುತ್ತ.

ನಾನು ಅವರ ಇನ್ನೊಂದು ಕಣ್ಣಿಗೆ ಹನಿ ಹಾಕಿದೆ.