ಬಿಸಿಯೋ ತಣ್ಣಗೋ ಎಂಬ ಪ್ರಶ್ನೆ

ತೊಂಬತ್ತರ ದಶಕದ ನಡುವಿನ ಮಾತು. ಬೇಲೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರದ ಒಂದೇ ಒಂದು ಹುದ್ದೆ ಖಾಲಿ ಇತ್ತು. ನಾನು ಅರಸೀಕೆರೆಯಲ್ಲಿ ಬಸ್ಸು ಹತ್ತಿದೆ. ಎಂ.ಎಸ್ಸಿ.ಯ ಎರಡೂ ವರ್ಷ ನನ್ನ ಕೋಣೆಯಲ್ಲೇ ಇದ್ದ ಗೆಳೆಯ ಹಾರನಹಳ್ಳಿಯಲ್ಲಿ ಹತ್ತಿ ಪಕ್ಕದಲ್ಲಿ ಕೂತ. ಇಬ್ಬರೂ ಅದೇ ಸಂದರ್ಶನಕ್ಕೆ ಹೊರಟವರು. ಇಲ್ಲಿಯವರೆಗೆ ನನಗೆ ಅನುಮಾನವಿಲ್ಲ. ಮುಂದಿನದನ್ನು ಎಷ್ಟು ಸಲ ನೆನೆದಿದ್ದೇನೆಂದರೆ, ನೆನಪಿಗೆ ಬರುವುದು ಆ ದಿನವೋ ಅಥವಾ ಹಿಂದಿನ ಸಲ ನೆನೆದದ್ದೋ ಗೊತ್ತಾಗುವುದಿಲ್ಲ.

ಶಕುನಕ್ಕೆಂದು ಅವನ ತಾಯಿ ಚೀಲದಲ್ಲಿ ಒಂದು ಒಣಗಿದ ತೆಂಗಿನಕಾಯಿ ಇಟ್ಟಿದ್ದರು. ಅದನ್ನು ತೆಗೆದು ನನ್ನ ಕಿವಿಯ ಬಳಿ ಅಲ್ಲಾಡಿಸಿದ. ಒಳಗೆ ಗಡಗಡ ಸದ್ದಾಯಿತು.

"ಕೊಬ್ಬರಿ ಚಿಪ್ಪು ಬಿಟ್ಟೈತೆ. ವರ್ಷ ಪೂರ್ತಿ ಅಟ್ಟದ ಮೇಲಿತ್ತು ಕಣೋ. ನಮಗಿಂತ ಚೆನ್ನಾಗಿ ಓದೈತೆ."

ಸಂದರ್ಶನಕ್ಕೆ ಬರಲಿದ್ದ ನಿವೃತ್ತ ಪ್ರಾಧ್ಯಾಪಕರು ಎಲ್ಲ ಕಡೆ ಕೇಳುವುದು ಒಂದೇ ಪ್ರಶ್ನೆ ಎಂದು ನಮ್ಮ ಸೀನಿಯರ್‌ಗಳು ಹೇಳಿದ್ದರು. ವಿಶ್ವದ ಆರಂಭದಲ್ಲಿ ಹೊರಟ ಬೆಳಕು ಈಗ ಮೈಕ್ರೋವೇವ್ ಆಗಿ ಎಲ್ಲ ದಿಕ್ಕಿನಿಂದಲೂ ಬರುತ್ತಿದೆ. ದಾರಿಯಲ್ಲಿ ಗೆಲಾಕ್ಸಿಗಳ ಒಂದು ದೊಡ್ಡ ಗುಂಪು ಸಿಗುತ್ತದೆ. ಗೆಲಾಕ್ಸಿಗಳ ನಡುವೆ ಕೋಟಿಗಟ್ಟಲೆ ಡಿಗ್ರಿಯ ಬಿಸಿ ಅನಿಲ. ಆ ಅನಿಲವನ್ನು ಹಾದು ಬಂದ ಬೆಳಕು ನಮಗೆ ಸುತ್ತಲಿನದಕ್ಕಿಂತ ಬಿಸಿಯಾಗಿ ಕಾಣುತ್ತದೋ, ತಣ್ಣಗೋ?

ಜಾವಗಲ್ಲು ದಾಟಿದ ಮೇಲೆ ಅವನು ಕೇಳಿದ, "ಅಟ್ಟದ ಕೆಳಗೆ ಹೊಗೆ ಹಾಕಿದ್ರೆ ಮೇಲಿನ ಕಾಯಿ ಬೆಚ್ಚಗಾಯ್ತದೆ. ಇದೂ ಹಂಗೇ ತಾನೆ? ಬಿಸಿ ಅನ್ನಲಾ?"

ತೆಂಗು ಬೆಳೆಯುವ ಮನೆಯವನಿಗೆ ಮಾತ್ರ ಹೊಳೆಯುವ ತಪ್ಪು ಅದು. ಸರಿಯುತ್ತರ ನನಗೆ ಗೊತ್ತಿತ್ತು. ಅದಿದ್ದ ಪುಸ್ತಕದ, ವಿಭಾಗದ ಗ್ರಂಥಾಲಯದಲ್ಲಿದ್ದ ಒಂದೇ ಪ್ರತಿ ವಾರದಿಂದ ನನ್ನ ಪೆಟ್ಟಿಗೆಯಲ್ಲಿತ್ತು. ಅನಿಲದ ಎಲೆಕ್ಟ್ರಾನ್‌ಗಳು ಆ ಹಳೆಯ ಬೆಳಕಿನಲ್ಲಿ ನೂರಕ್ಕೊಂದು ಕಣವನ್ನೋ ಏನೋ ಹೆಚ್ಚಿನ ಶಕ್ತಿಗೆ ತಳ್ಳುತ್ತವೆ. ಹಾಗೆ ಶಕ್ತಿ ಪಡೆದವು ತಮ್ಮ ಜಾಗ ಬಿಟ್ಟು ಹೋಗುವುದರಿಂದ, ಉದ್ದ ಅಲೆಗಳಲ್ಲಿ ನೋಡಿದರೆ ಅಲ್ಲೊಂದು ಕೊರತೆ ಕಾಣುತ್ತದೆ, ಆಕಾಶದಲ್ಲಿ ತಣ್ಣನೆಯ ಗುಳಿ ಬಿದ್ದ ಹಾಗೆ. ಬಿಸಿಯ ಮೂಲಕ ನೋಡಿದರೆ ತಣ್ಣಗೆ. ಇಷ್ಟನ್ನು ಹೇಳಲು ಹಳೇಬೀಡಿನವರೆಗೆ ಬೇಕಾದಷ್ಟು ಸಮಯವಿತ್ತು.

ನಾನು ಹೌದೆಂಬಂತೆ ತಲೆ ಆಡಿಸಿದೆ. ಅಥವಾ ರಸ್ತೆಯ ಹಳ್ಳಕ್ಕೆ ಬಸ್ಸು ಎಗರಿ ತಲೆ ತಾನಾಗಿ ಆಡಿತು. ಹತ್ತು ವರ್ಷ ಈ ಎರಡರ ನಡುವೆಯೇ ಬದುಕಿದೆ. ಪುರಾವೆಯಿಲ್ಲದೆ ಯಾವುದನ್ನೂ ನಂಬಬಾರದೆಂದು ವಿಶ್ವವಿದ್ಯಾಲಯ ಕಲಿಸಿತ್ತು. ಆ ಪಾಠವನ್ನು ನನ್ನ ಅನುಕೂಲಕ್ಕೆ ಇದಕ್ಕಿಂತ ಚೆನ್ನಾಗಿ ಎಲ್ಲೂ ಬಳಸಲಿಲ್ಲ.

ಸಂದರ್ಶನದಲ್ಲಿ ಅವನು "ಬಿಸಿ" ಎಂದ. ನಾನು "ತಣ್ಣಗೆ" ಎಂದೆ. ಕೆಲಸ ನನ್ನದಾಯಿತು. ಮರಳುವಾಗ ಅವನು ಆ ಕಾಯಿಯನ್ನು ನನ್ನ ಕೈಗಿಟ್ಟು, "ನಿನಗೇ ಆಗಿಬಂತು, ಇಟ್ಕೋ" ಎಂದ. ಅದನ್ನು ಏನು ಮಾಡಿದೆನೆಂಬುದು ನೆನಪಿಲ್ಲ. ತಿಂದಿರಬೇಕು.

ನಂತರ ಅವನು ಹಾರನಹಳ್ಳಿಯಲ್ಲೇ ಕೊಬ್ಬರಿ ವ್ಯಾಪಾರಕ್ಕೆ ಕೂತ. ನಾನು ಪ್ರತಿ ವರ್ಷ ಅದೇ ಬೋರ್ಡಿನ ಮೇಲೆ, ಆ ಬೆಳಕಿನ ಹೆಚ್ಚುಕಡಿಮೆ ತೋರಿಸುವ ಅದೇ ಗೆರೆ ಎಳೆಯುತ್ತ ಬಂದೆ. ಸೊನ್ನೆಯ ಕೆಳಗೆ ಇಳಿದು, ಅಲೆಗಳು ಗಿಡ್ಡವಾದಂತೆ ಏರಿ, ಸೊನ್ನೆ ದಾಟಿ ಮೇಲೆ ಹೋಗುವ ಗೆರೆ. ಗಿಡ್ಡ ಅಲೆಗಳಲ್ಲಿ ನೋಡಿದರೆ ಅದೇ ಗೆಲಾಕ್ಸಿಗಳ ಗುಂಪು ಬಿಸಿಯಾಗಿಯೇ ಕಾಣುತ್ತದೆ. ಪ್ರಾಧ್ಯಾಪಕರು ಯಾವ ಅಲೆಯೆಂದು ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಎರಡು ಸಾವಿರದ ಇಸವಿಯ ನಂತರ ಒಮ್ಮೆ ಹಳೇಬೀಡಿನ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕ. ಟೀ ಕುಡಿಯುತ್ತ, ನಾನೇ ತಡೆಯಲಾರದೆ, "ಅವತ್ತು ಬಸ್ಸಿನಲ್ಲಿ ನಾನು ತಲೆ ಆಡಿಸಿದೆನೋ, ಇಲ್ಲ ಕುಲುಕಾಟವೋ?" ಎಂದೆ.

ಅವನು ಲೋಟ ಕೆಳಗಿಟ್ಟ. "ಎಲ್ಲಿ ತಲೆ ಆಡ್ಸಿದ್ಯೋ? ಬಾಯಿ ಬಿಟ್ಟು ‘ಹೂಂ’ ಅಂದೆ."

ಅದರಲ್ಲಿ ಸಿಟ್ಟಿರಲಿಲ್ಲ. ಕಾಯಿಯ ಸದ್ದು ಕೇಳಿ ಒಣಗಿದೆ ಎಂದು ಹೇಳುವಂತೆ ಹೇಳಿದ. ಅವನ ನೆನಪೂ ಅಷ್ಟೇ ವರ್ಷ ಹಾದು ಬಂದದ್ದು, ಅದನ್ನೇಕೆ ನಂಬಬೇಕು ಎಂದು ಒಳಗೆ ವಾದ ಹೂಡಿದೆ. ವಾದಕ್ಕೆ ಬಲವಿರಲಿಲ್ಲ.

"ಈಗ್ಲಾದ್ರೂ ನಿಜ ಹೇಳೋ. ಬಿಸಿಯೋ, ತಣ್ಣಗೋ?"

ಗೆರೆಯ ಎರಡೂ ಭಾಗ ಹೇಳಿದೆ. ಅವನು ಗಮನವಿಟ್ಟು ಕೇಳಿದ, ಹಿಂದೆ ತರಗತಿಯಲ್ಲಿ ಕೇಳುತ್ತಿದ್ದ ಹಾಗೆಯೇ.

"ಹಂಗಾರೆ ನಂದೂ ಸರಿ ಇತ್ತು."

"ಹೂಂ."

"ನೋಡು," ಎಂದ, ಬೇಲೂರು ಬಸ್ಸು ಬಂದದ್ದು ಕಂಡು ನನ್ನ ಚೀಲ ಎತ್ತಿಕೊಡುತ್ತ. "ಅವತ್ತೂ ನೀನು ಹಿಂಗೇ ಅಂದಿದ್ದೆ."